ಮನೆಯ ಬೆನ್ನು

ನನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಒಂದು ವಾಕ್ಯವಿದೆ: ‘ಈ ಮನೆಗೆ ಮುಚ್ಚಿಡುವಂಥದ್ದು ಏನೂ ಇಲ್ಲ.’ ಅದನ್ನು ಬರೆದ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಹಾಸ್ಟೆಲಿನ ಗೆಳತಿಗೆ ಎರಡು ಸಲ ಓದಿ ಹೇಳಿದ್ದೆ. ಅವಳು ಎರಡನೇ ಸಲ ಕೇಳುವಾಗ ಬಟ್ಟೆ ಮಡಚುತ್ತಿದ್ದಳು. ಆ ವಾಕ್ಯವನ್ನು ಉಳಿಸಿಕೊಳ್ಳಬೇಕೇ, ಹೊಡೆದುಹಾಕಬೇಕೇ ಎಂಬ ಒಂದೇ ಪ್ರಶ್ನೆ ಈ ಒಂದು ವರ್ಷದಿಂದ ನನ್ನ ಜೊತೆಗಿದೆ.

ಮನೆ ನಮ್ಮದೇ. ನಂಜನಗೂಡಿನಲ್ಲಿ ನನ್ನ ತಾತ 1958ರಲ್ಲಿ ಕಟ್ಟಿಸಿದ್ದು. ತಾತ ಸರ್ಕಾರಿ ಓವರ್‌ಸಿಯರ್ ಆಗಿದ್ದವರು. ನಕ್ಷೆಯನ್ನು ತಾವೇ ಹಾಕಿದ್ದರು, ಸಿಮೆಂಟಿನ ಪರ್ಮಿಟ್ಟಿಗೆ ತಾವೇ ಓಡಾಡಿದ್ದರು. ಈಗ ಅಪ್ಪ ಮತ್ತು ಚಿಕ್ಕಪ್ಪ ಅದನ್ನು ಮಾರುವ ಮಾತಾಡುತ್ತಿದ್ದಾರೆ. ಕೊಳ್ಳುವವರಿಗೆ ಬೇಕಾಗಿರುವುದು ನಿವೇಶನ, ಮನೆಯಲ್ಲ. ‘ಒಡೆಯೋ ಮುಂಚೆ ನೀನು ಅದೇನು ಅಳೀತೀಯೋ ಅಳ್ಕೊ’ ಎಂದು ಅಪ್ಪ ಹೇಳಿದ್ದರು. ಹಾಗಾಗಿ ಅಳೆಯುವುದಕ್ಕೆ ಹೋದೆ.

ನನ್ನ ಸಂಶೋಧನೆ ಇರುವುದೇ ಇಂಥ ಮನೆಗಳ ಮೇಲೆ. ಮೈಸೂರು ಜಿಲ್ಲೆಯ ಸಣ್ಣ ಊರುಗಳಲ್ಲಿ 1940ರಿಂದ 1970ರ ನಡುವೆ ಎದ್ದ ಸಾಧಾರಣ ಮನೆಗಳು. ವಿಷಯ ಹೇಳಿದ ಕೂಡಲೇ ಜನ ‘ಅದರಲ್ಲೇನಿದೆ?’ ಎನ್ನುತ್ತಾರೆ. ತಪ್ಪಿಲ್ಲ. ನಂಜನಗೂಡು ಎಂದರೆ ಶ್ರೀಕಂಠೇಶ್ವರನ ಗೋಪುರ, ರಸಬಾಳೆ, ಹಲ್ಲುಪುಡಿ, ಕಪಿಲೆಯ ಮೇಲೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆ. ಅದೇ ಕಪಿಲೆ ಮುಂದೆ ಹರಿದು ಕಾವೇರಿ ಸೇರುವ ಟಿ. ನರಸೀಪುರ ಎಂದರೆ ಸಂಗಮ, ಗುಂಜಾ ನರಸಿಂಹ, ತಾಲೂಕಿನ ಒಳಗೆ ತಲಕಾಡು, ಸೋಮನಾಥಪುರ. ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಅಲ್ಲಿಯ ಮೂರ್ತಿಗಳ ಕೆಳಗೆ ಮಲ್ಲಿತಮ್ಮನಂಥ ರೂವಾರಿಗಳು ತಮ್ಮ ಹೆಸರು ಕೊರೆದಿದ್ದಾರೆ. ನನ್ನ ಮನೆಗಳು ಈ ಎರಡು ಊರುಗಳ ಬಸ್ ದಾರಿಯಲ್ಲಿ, ಅಂಗಡಿ ಬೋರ್ಡುಗಳ ಹಿಂದೆ, ಯಾರೂ ತಲೆಯೆತ್ತಿ ನೋಡದ ಹಾಗೆ ನಿಂತಿವೆ. ಕಟ್ಟಿದವರ ಹೆಸರು ಇಲ್ಲ. ಕಟ್ಟಿಸಿದವರ ಹೆಸರು ಮಾತ್ರ ಇದೆ.

ತಲೆಯೆತ್ತಿ ನೋಡಿದರೆ ಗುರುತಿಸುವುದು ಕಷ್ಟವಲ್ಲ. ಮೊದಲು ಮೇಲ್ಭಾಗ: ಹೆಂಚಿನ ಇಳಿಜಾರಿಲ್ಲ, ಚಪ್ಪಟೆ ಆರ್‌ಸಿಸಿ ತಾರಸಿ. ತಾರಸಿಯ ಮುಂಗೋಡೆಯ ನಡುವೆ ಹಣೆಯಂತೆ ಎದ್ದ ಒಂದು ಫಲಕ, ಅದರಲ್ಲಿ ಗಾರೆಯಲ್ಲಿ ಉಬ್ಬಿಸಿದ ಹೆಸರು, ಇಸವಿ. ಕಿಟಕಿಗಳ ಮೇಲೆ ಬಿಸಿಲು ಮಳೆ ತಡೆಯುವ ಸಜ್ಜಾ ಒಂದೊಂದಕ್ಕೂ ಬೇರೆ ಬೇರೆಯಾಗಿರದೆ, ಇಡೀ ಮನೆಗೆ ಪಟ್ಟಿ ಕಟ್ಟಿದಂತೆ ಒಂದೇ ಗೆರೆಯಾಗಿ ಓಡುತ್ತದೆ. ಅದಕ್ಕೆ ಆಸರೆಯ ಕಂಬವಾಗಲಿ, ಮರದ ತೊಲೆಯಾಗಲಿ ಇಲ್ಲ. ಗೋಡೆಯಿಂದ ಹೊರಚಾಚಿ ಗಾಳಿಯಲ್ಲಿ ನಿಂತಿದೆ. ಮೆಟ್ಟಿಲಿನ ಜಾಗದಲ್ಲಿ ಸಿಮೆಂಟಿನ ಜಾಲಂಧ್ರ. ಜಗಲಿಯ ಮೂಲೆ ಚೂಪಾಗಿರದೆ ದುಂಡಗಿದೆ. ಗ್ರಿಲ್ಲಿನಲ್ಲಿ ಹುಟ್ಟುವ ಸೂರ್ಯ. ಒಳಗೆ ಕಾಲಿಟ್ಟರೆ ಮೊಸಾಯಿಕ್ ನೆಲ, ಹಣ ಸಾಲದ ಕೋಣೆಗಳಲ್ಲಿ ಕೆಂಪು ಗಾರೆ.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಮೂಲೆಯ ಕಿಟಕಿ. ಇಟ್ಟಿಗೆಯ ಮನೆಯಲ್ಲಿ ಭಾರ ಹೊರುವುದೇ ಮೂಲೆ. ಹಳೆಯ ಗಾರೆ ಕೆಲಸದವರು ಮೂಲೆಯನ್ನು ಮುಟ್ಟಲು ಹೆದರುತ್ತಿದ್ದರು. ಕಬ್ಬಿಣ ಮತ್ತು ಕಾಂಕ್ರೀಟು ಸೇರಿದ ತೊಲೆ ಬಂದ ಮೇಲೆ ಭಾರವನ್ನು ಬೇರೆ ಕಡೆಗೆ ಸಾಗಿಸಲು ಸಾಧ್ಯವಾಯಿತು. ಆಗ ಮೂಲೆಯನ್ನೇ ಕೊರೆದು, ಎರಡು ಗೋಡೆಗಳ ಮೇಲೆ ಮಡಚಿಕೊಂಡ ಹಾಗೆ ಕಿಟಕಿ ಇಟ್ಟರು. ಅದು ಬೆಳಕಿಗಾಗಿ ಎಷ್ಟೋ, ‘ನೋಡಿ, ಇದು ನಮ್ಮಿಂದ ಆಗುತ್ತದೆ’ ಎಂದು ತೋರಿಸುವುದಕ್ಕೂ ಅಷ್ಟೇ. ತಾತನ ಮನೆಯಲ್ಲಿ ಅಂಥದ್ದೊಂದು ಕಿಟಕಿ ಇದೆ. ಬೆಳಗಿನ ಹೊತ್ತು ಅದರ ಕೆಳಗೆ ಕೂತು ಅಜ್ಜಿ ಅಕ್ಕಿ ಆರಿಸುತ್ತಿದ್ದರು.

ಹೀಗೆ ಪಟ್ಟಿ ಮಾಡಿದಾಗ ಇದು ಒಂದೇ ಶೈಲಿ ಅನ್ನಿಸುತ್ತದೆ, ಆದರೆ ಅಲ್ಲ. ದುಂಡು ಮೂಲೆ, ಹುಟ್ಟುವ ಸೂರ್ಯ, ಗೋಡೆಯ ಮೇಲೆ ಎಳೆದ ಮೂರು ಸಮಾನಾಂತರ ಗೆರೆಗಳು ಆರ್ಟ್ ಡೆಕೊ ಎಂಬ ಶೈಲಿಯವು. 1925ರ ಪ್ಯಾರಿಸ್ ವಸ್ತುಪ್ರದರ್ಶನದಿಂದ ಹೆಸರು ಪಡೆದು, ಮುಂಬಯಿಯ ಮರೀನ್ ಡ್ರೈವ್ ಹಾದು ನಮ್ಮ ಕಡೆ ಬಂದದ್ದು. ಆ ಮೂರು ಗೆರೆಗಳು ಹಡಗಿನ, ರೈಲಿನ ವೇಗವನ್ನು ಸೂಚಿಸುತ್ತವಂತೆ. ನಂಜನಗೂಡಿಗೆ ಬರುತ್ತಿದ್ದ ಮೀಟರ್ ಗೇಜ್ ರೈಲನ್ನು ಕಂಡವರಿಗೆ ಇದು ನಗೆ ತರಿಸಬಹುದು. ಚಪ್ಪಟೆ ತಾರಸಿ, ಅಲಂಕಾರವಿಲ್ಲದ ಬಿಳಿ ಗೋಡೆ, ಅಡ್ಡಕ್ಕೆ ಸಾಗುವ ಕಿಟಕಿ ಮಾತ್ರ ಇನ್ನೊಂದು ಕಡೆಯವು. ಲೆ ಕಾರ್ಬ್ಯುಸಿಯೆ ಮತ್ತು ಅವನ ಸಮಕಾಲೀನರು ಯುರೋಪಿನಲ್ಲಿ ಕಟ್ಟಿದ ಆಧುನಿಕತೆ ಅದು. ಮೂರನೆಯದು ನಮ್ಮ ಹವೆಗೆ ಹೊಂದಿಸಿಕೊಂಡದ್ದು: ಆಳವಾದ ಸಜ್ಜಾ, ಜಾಲಂಧ್ರ, ಎದುರುಬದುರು ಕಿಟಕಿ. ಇದರ ಹಿಂದೆ ಮೈಸೂರು ಸಂಸ್ಥಾನದ್ದೇ ಒಂದು ಕಥೆಯಿದೆ. ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್, ನಾಜಿಗಳಿಂದ ತಪ್ಪಿಸಿಕೊಂಡು ದೇಶ ಬಿಟ್ಟವನು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಇಲ್ಲಿಗೆ ಬಂದು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ. 1948ರವರೆಗೆ ಇದ್ದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವನವು. ಗಾಳಿ ಯಾವ ಕಡೆಯಿಂದ ಬರುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂಬುದರಿಂದ ಅವನು ಕಟ್ಟಡವನ್ನು ಶುರು ಮಾಡುತ್ತಿದ್ದ. ತಾತ ಅವನ ಹೆಸರು ಕೇಳಿದ್ದರೋ ಇಲ್ಲವೋ. ಆದರೆ ಓವರ್‌ಸಿಯರುಗಳ ಮೇಜಿನಿಂದ ಮೇಜಿಗೆ ದಾಟುತ್ತಿದ್ದ ನಕ್ಷೆಗಳಲ್ಲಿ ಒಂದು ಕಾಲದ ಗಾಳಿ ಇದ್ದೇ ಇರುತ್ತದೆ.

ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ವಿಧಾನಸೌಧ ಎದ್ದಿತು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1956ರಲ್ಲಿ ಮುಗಿಯಿತು. ಕೆಂಗಲ್ ಹನುಮಂತಯ್ಯನವರಿಗೆ ಗೋಪುರ, ಕಂಬ, ಕೆತ್ತನೆಯ ದ್ರಾವಿಡ ಗಾಂಭೀರ್ಯ ಬೇಕಿತ್ತು. ಸರ್ಕಾರ ಹಳೆಯದರ ಕಡೆ ತಿರುಗಿದಾಗ ಒಬ್ಬ ಓವರ್‌ಸಿಯರ್ ತನ್ನ ಸಾಲದ ದುಡ್ಡಿನಲ್ಲಿ ಹೊಸದರ ಕಡೆ ತಿರುಗಿದ್ದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಹೆಮ್ಮೆಗೆ ಕಾರಣ ‘ಪ್ರಾಮಾಣಿಕತೆ’ ಎಂಬ ಪದ. ಕಟ್ಟಡ ಸುಳ್ಳು ಹೇಳಬಾರದು ಎಂಬ ಮಾತು ಆಧುನಿಕರಿಗಿಂತ ಹಳೆಯದು. 1849ರಲ್ಲೇ ರಸ್ಕಿನ್ ವಾಸ್ತುಶಿಲ್ಪದ ಏಳು ದೀಪಗಳಲ್ಲಿ ಸತ್ಯವನ್ನೂ ಒಂದು ದೀಪವೆಂದು ಹೆಸರಿಸಿ, ಮರಕ್ಕೆ ಅಮೃತಶಿಲೆಯ ಬಣ್ಣ ಬಳಿಯುವುದನ್ನು ಮೋಸವೆಂದ. ವಿಯೆನ್ನಾದ ಅಡಾಲ್ಫ್ ಲೂಸ್ ಇನ್ನೂ ಮುಂದೆ ಹೋಗಿ, ಅಲಂಕಾರವೇ ಅಪರಾಧ ಎಂದ. ಅವನ ವಾದವನ್ನು ಸಾಮಾನ್ಯವಾಗಿ ಅಭಿರುಚಿಯ ವಾದವೆಂದು ಓದುತ್ತಾರೆ. ಆದರೆ ಅದರ ಬೆನ್ನೆಲುಬು ದುಡಿಮೆ. ಯಾರಿಗೂ ಬೇಡದ ಬಳ್ಳಿ-ಹೂವು ಕೆತ್ತುತ್ತ ಕೆಲಸಗಾರನ ಆಯುಸ್ಸು, ಆರೋಗ್ಯ ಹಾಳಾಗುತ್ತದೆ ಎಂಬುದು ಅವನ ಸಿಟ್ಟು. ಇದನ್ನು ಓದಿದಾಗ ನನಗೆ ತಾತನ ಮನೆ ಅರ್ಥವಾಯಿತು ಅನ್ನಿಸಿತು. ತೊಲೆ ತೊಲೆಯಾಗಿ ಕಾಣುತ್ತದೆ, ಸಿಮೆಂಟು ಸಿಮೆಂಟಾಗಿ. ಯಾರು ಯಾವ ಕಂಬದವರೆಗೆ ಬರಬಹುದು ಎಂಬ ಗೆರೆ ಇಲ್ಲ. ಎರಡು ಮೆಟ್ಟಿಲು ಹತ್ತಿದರೆ ವೆರಾಂಡ, ಅಲ್ಲಿಂದ ನೇರ ಹಾಲ್. ಮುಚ್ಚಿಡುವಂಥದ್ದು ಏನೂ ಇಲ್ಲ.

ಈ ‘ಗೆರೆ’ ಎಂದದ್ದು ಅಜ್ಜಿಯ ತವರುಮನೆಯನ್ನು ನೆನೆದು. ಟಿ. ನರಸೀಪುರದಲ್ಲಿ ಹೊಳೆಗೆ ಹತ್ತಿರದ ತೊಟ್ಟಿಮನೆ ಅದು. ನಾನು ನೋಡುವ ಹೊತ್ತಿಗೆ ಅರ್ಧ ಬಿದ್ದಿತ್ತು. ಕೆತ್ತನೆಯ ಕಂಬಗಳನ್ನು, ಹೆಬ್ಬಾಗಿಲನ್ನು ಹಳೆ ಸಾಮಾನಿನ ವ್ಯಾಪಾರಿಗಳು ಕೊಂಡೊಯ್ದಿದ್ದರು. ಈಗ ಅವು ಯಾವುದೋ ರೆಸಾರ್ಟಿನಲ್ಲಿ ಸಂಸ್ಕೃತಿಯ ಕೆಲಸ ಮಾಡುತ್ತಿರಬೇಕು. ತೊಟ್ಟಿಮನೆ ನೋಡಿದವರೆಲ್ಲ ಅದರ ನಡುವಿನ ಆಕಾಶವನ್ನು ಹೊಗಳುತ್ತಾರೆ, ಅದು ಹೊಗಳತಕ್ಕದ್ದೇ. ಆದರೆ ಆ ಮನೆಯ ನಕ್ಷೆಯನ್ನು ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡಾಗ ಅದು ಮನುಷ್ಯರನ್ನು ನಿಲ್ಲಿಸುವ ಯಂತ್ರದ ಹಾಗೆ ಕಂಡಿತು. ಅಂಗಳದಲ್ಲಿ ನಿಲ್ಲುವವರು, ಜಗಲಿಯ ಕೆಳಗೆ ನಿಲ್ಲುವವರು, ಜಗಲಿ ಹತ್ತಬಹುದಾದವರು, ಪಡಸಾಲೆಯವರೆಗೆ ಬರುವವರು, ನಡುಮನೆಗೆ ಬರುವವರು. ಒಳಮನೆಯವರಲ್ಲೂ ತಿಂಗಳಲ್ಲಿ ಮೂರು ದಿನ ಹಿತ್ತಲ ಕೋಣೆಗೆ ಹೋಗುವವರು. ಎಲ್ಲವೂ ಕಲ್ಲು ಮತ್ತು ಮರದಲ್ಲಿ, ಎಲ್ಲರ ಕಣ್ಣೆದುರಿಗೆ.

ಆ ಮನೆಯಲ್ಲಿ ಕಕ್ಕಸು ಇರಲಿಲ್ಲ. ಹೆಂಗಸರು ಬೆಳಕು ಹರಿಯುವ ಮುಂಚೆ ಹೊಳೆಯ ಕಡೆ ಹೋಗಬೇಕಿತ್ತು. ಬೆಳಕಾಗಿಬಿಟ್ಟರೆ ಸಂಜೆ ಕತ್ತಲಾಗುವವರೆಗೆ ಕಾಯಬೇಕು. ಮಳೆಗಾಲ, ಬಸುರಿ, ಜ್ವರ ಯಾವುದಕ್ಕೂ ವಿನಾಯಿತಿಯಿಲ್ಲ. ಅಜ್ಜಿ ಮದುವೆಯಾಗಿ ನಂಜನಗೂಡಿಗೆ ಬಂದು ಬಾಡಿಗೆ ಮನೆಯಲ್ಲಿ ಹತ್ತು ವರ್ಷ ಕಳೆದ ಮೇಲೆ, ತಾತ ಮನೆ ಕಟ್ಟಿಸುವಾಗ, ಅವರು ಕೇಳಿದ್ದು ಒಂದೇ: ‘ಮನೆಯೊಳಗೇ ಕಕ್ಕಸು ಇರಲಿ.’ ಮೊಸಾಯಿಕ್ಕು, ಮೂಲೆ ಕಿಟಕಿ, ಸೂರ್ಯನ ಗ್ರಿಲ್ಲು ಎಲ್ಲ ತಾತನ ಆಸೆಗಳು. ಅಜ್ಜಿಯದು ಅದೊಂದು.

ಅಜ್ಜಿ ತೀರಿಕೊಳ್ಳುವ ಮುಂಚೆ ಇದನ್ನು ನನಗೆ ಹೇಳಿದ್ದರು. ನಾನು ಅದನ್ನು ಅಧ್ಯಾಯದಲ್ಲಿ ಅಭಿಮಾನದಿಂದ ಬಳಸಿಕೊಂಡಿದ್ದೆ. ಹೊಸ ಶೈಲಿಯ ಮನೆ ಹೆಂಗಸಿನ ಘನತೆಯ ಪ್ರಶ್ನೆಗೆ ಉತ್ತರವೂ ಆಗಿತ್ತು ಎಂದು. ಈಗಲೂ ಅದು ನಿಜವೇ.

ಹೋದ ವರ್ಷ ಅಳತೆಗೆ ಹೋದಾಗ ನಾಲ್ಕು ದಿನ ಮುಂಭಾಗದಲ್ಲೇ ಕಳೆದೆ. ಐದನೇ ದಿನ ಅಟ್ಟದಲ್ಲಿ ತಾತನ ಲೆಕ್ಕದ ಪುಸ್ತಕ ಸಿಕ್ಕಿತು. ಚೊಕ್ಕ ಅಕ್ಷರ. ಇಟ್ಟಿಗೆ, ಸರಳು, ಸುಣ್ಣ, ಮೈಸೂರಿನಿಂದ ತರಿಸಿದ ಗ್ರಿಲ್ಲು, ಕೂಲಿ. ಒಂದು ಪುಟದಲ್ಲಿ ಎರಡು ಅಂದಾಜುಗಳು ಒಂದರ ಕೆಳಗೊಂದು. ‘ಸೆಪ್ಟಿಕ್ ಟ್ಯಾಂಕ್ 585.’ ‘ಹಾಲ್, ವೆರಾಂಡ ಮೊಸಾಯಿಕ್ 640.’ ಮೊದಲನೆಯದರ ಮೇಲೆ ಕೆಂಪು ಪೆನ್ಸಿಲಿನ ಗೆರೆ. ಪಕ್ಕದಲ್ಲಿ ಸಣ್ಣದಾಗಿ: ‘ಹಿಂದೆ ಗಲ್ಲಿ ಇದೆ.’

ನನಗೆ ಮೊದಲು ಅರ್ಥವಾಗಲಿಲ್ಲ. ಮೈಸೂರಿನವರಿಗೆ ‘ಕನ್ಸರ್ವೆನ್ಸಿ’ ಎಂಬ ಪದ ಗೊತ್ತಿರುತ್ತದೆ. 1903ರಲ್ಲಿ ಶುರುವಾದ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹೊಸ ಬಡಾವಣೆಗಳನ್ನು ಬಿಡಿಸಿದಾಗ ಮನೆಗಳ ಸಾಲಿನ ಹಿಂದೆ ಬಿಟ್ಟ ಸಣ್ಣ ಓಣಿಗಳು ಅವು. ನಾವು ಮಕ್ಕಳು ಅವನ್ನು ಕ್ರಿಕೆಟ್ ಆಡಲು, ಅಡ್ಡದಾರಿಗೆ ಬಳಸಿದವರು. ಅವು ಯಾಕೆ ಇದ್ದವೆಂದು ಯಾರೂ ಹೇಳಿರಲಿಲ್ಲ. ನಮ್ಮ ನಂಜನಗೂಡಿನ ಮನೆಯ ಹಿಂದೆಯೂ ಅಂಥದ್ದೊಂದು ಗಲ್ಲಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದಷ್ಟು ಅಗಲ. ಮನೆಯ ಹಿಂಗೋಡೆ ಅದಕ್ಕೆ ತಗಲಿದೆ. ಆ ಗೋಡೆಯ ಬುಡದಲ್ಲಿ, ಕಕ್ಕಸಿನ ಕಟ್ಟೆಯ ಕೆಳಗೆ, ಒಂದು ಕಿಂಡಿ ಇತ್ತು. ಕಿಂಡಿಗೆ ತಗಡಿನ ಮುಚ್ಚಳ. ಒಳಗೆ ಡಬ್ಬ. ದಿನಾ ಬೆಳಗ್ಗೆ ಒಬ್ಬರು ಗಲ್ಲಿಯಿಂದ ಬಂದು, ತಗಡು ತೆಗೆದು, ಡಬ್ಬ ಎಳೆದು, ಬೂದಿ ಹಾಕಿದ ಬುಟ್ಟಿಗೆ ಸುರಿದುಕೊಂಡು, ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು.

ಅಪ್ಪನನ್ನು ಕೇಳಿದೆ. ಅವರು ಹುಡುಗರಾಗಿದ್ದಾಗಿನದು. ‘ಹೂಂ, ಇತ್ತು. ಎಲ್ಲರ ಮನೇಲೂ ಇತ್ತು’ ಎಂದರು. ‘ಅದನ್ನೆಲ್ಲ ಯಾಕೆ ಬರೀತೀಯ?’ ಎಂದು ಕೇಳಲಿಲ್ಲ. ಕೇಳಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆಯ ಸೋದರತ್ತೆ ಆ ಕೆಲಸ ಮಾಡಿದ್ದವರು. ಎಪ್ಪತ್ತೈದರ ಆಸುಪಾಸಿನ ವಯಸ್ಸು. ನಾನು ಅವರ ಮನೆಗೆ ಹೋಗಿ, ಇಂಥ ಮನೆ, ಮುಂದೆ ಸೂರ್ಯನ ಗ್ರಿಲ್ಲು, ಹಣೆಯ ಮೇಲೆ 1958 ಎಂದೆಲ್ಲ ವಿವರಿಸಿದೆ. ಅವರು ತಲೆಯಾಡಿಸಿದರು.

‘ಮುಂದ್ಗಡೆಯಿಂದ ನಾ ಯಾವತ್ತೂ ನೋಡ್ನಿಲ್ಲ ಕನವ್ವ. ಗಲ್ಲಿ ಒಳಗ ಬತ್ತಿದ್ದೊ, ಗಲ್ಲಿ ಒಳಗ ಹೋಯ್ತಿದ್ದೊ.’

ಏಳೆಂಟು ವರ್ಷ ಅವರು ಆ ಮನೆಯನ್ನು ಶುಚಿಯಾಗಿಟ್ಟಿದ್ದರು. ಅದರ ಮುಖ ಅವರಿಗೆ ಗೊತ್ತಿರಲಿಲ್ಲ. ಬೇರೆ ಗುರುತು ಗೊತ್ತಿತ್ತು: ಮೂಲೆಯಿಂದ ಐದನೇ ಕಿಂಡಿ, ಪಕ್ಕದಲ್ಲಿ ನುಗ್ಗೆ ಮರ. ತಗಡು ತೆಗೆಯುವ ಮುಂಚೆ ಎರಡು ಸಲ ತಟ್ಟಬೇಕಿತ್ತಂತೆ. ಒಳಗೆ ಯಾರಾದರೂ ಇದ್ದರೆ ಕೆಮ್ಮುತ್ತಿದ್ದರಂತೆ. ಕೆಮ್ಮಿದರೆ ಕಾಯುವುದು.

‘ನಿಮ್ಮಜ್ಜಿ ಕೆಮ್ಮು ನಂಗ ಗೊತ್ತು. ಮಕ ಗೊತ್ತಿಲ್ಲ.’

ಹಬ್ಬದ ದಿನ ಹಿಂಗೋಡೆಯ ಮೇಲೆ ಒಬ್ಬಟ್ಟು ಇಟ್ಟಿರುತ್ತಿದ್ದರು ಎಂಬುದನ್ನೂ ಅವರೇ ಹೇಳಿದರು, ನನಗೆ ಸಮಾಧಾನವಾಗಲಿ ಎಂದೇನೋ. ಬೆಳಕು ಹರಿಯುವ ಮುಂಚಿನ ಹೊಳೆದಾರಿಯಿಂದ ತಪ್ಪಿಸಿಕೊಳ್ಳಬೇಕೆಂದು ಹಂಬಲಿಸಿದ ಒಬ್ಬ ಹೆಂಗಸು ಗೋಡೆಯ ಆ ಕಡೆ, ಬೆಳಕು ಹರಿಯುವ ಮುಂಚೆಯೇ ಮನೆ ಬಿಟ್ಟು ಬಂದ ಇನ್ನೊಬ್ಬ ಹೆಂಗಸು ಈ ಕಡೆ. ಅಜ್ಜಿಯ ಘನತೆಯ ಬಗ್ಗೆ ನಾನು ಬರೆದ ಪುಟದಲ್ಲಿ ಈ ಗೋಡೆ ಇರಲಿಲ್ಲ.

ಇದಾದ ಮೇಲೆ ಕೆಲವು ವಾರ ನಾನು ಏನೂ ಬರೆಯಲಿಲ್ಲ. ಯೋಚನೆ ಮಾತ್ರ ಒಂದೇ ಕಡೆ ಸುತ್ತುತ್ತಿತ್ತು. ತವರಿನ ತೊಟ್ಟಿಮನೆ ತನ್ನ ತಾರತಮ್ಯವನ್ನು ಜಗಲಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆದುಕೊಂಡಿತ್ತು. ನಂಜನಗೂಡಿನ ಮನೆ ಮುಂದೆ ಸಮಾನತೆಯ ಎರಡೇ ಮೆಟ್ಟಿಲಿಟ್ಟು, ಉಳಿದದ್ದನ್ನು ಬೆನ್ನಿಗೆ ಕಳಿಸಿತ್ತು. ಹಾಗಾದರೆ ಪ್ರಾಮಾಣಿಕವಾದದ್ದು ತೊಟ್ಟಿಮನೆಯೇ?

ಒಂದು ದಿನ ಹೌದೆನ್ನಿಸುತ್ತಿತ್ತು. ಆ ಅಜ್ಜಿಯನ್ನೂ ಒಮ್ಮೆ ಕೇಳಿದೆ, ಹಳೇ ಕಾಲದ ಜಗಲಿ ಮನೆಗಳ ಬಗ್ಗೆ. ‘ಅಲ್ಲಿ ಬೈಯೋಕಾರ ಮಕ ನೋಡೋರು’ ಎಂದು ನಕ್ಕರು. ಆ ನಗುವನ್ನು ಹಳೆಯದರ ಪರವಾದ ಸಾಕ್ಷಿಯಾಗಿ ಬಳಸಿಕೊಳ್ಳಬಾರದು ಎನ್ನುವಷ್ಟು ಬುದ್ಧಿ ನನಗಿದೆ. ಮರೆಯಿಲ್ಲದೆ ಮಾಡಿದ ಅವಮಾನಕ್ಕೆ ಪ್ರಾಮಾಣಿಕತೆಯ ಪ್ರಶಸ್ತಿ ಕೊಟ್ಟರೆ ಆ ಪದಕ್ಕೆ ಏನು ಬೆಲೆ ಉಳಿಯಿತು? ಇನ್ನೊಂದು ದಿನ ಬೇರೆ ಥರ ಅನ್ನಿಸುತ್ತಿತ್ತು: ಮುಚ್ಚಿಡಬೇಕಾದರೆ ಅದು ನಾಚಿಕೆಯ ವಿಷಯವೆಂದು ತಿಳಿದಿರಬೇಕು. ತೊಟ್ಟಿಮನೆಗೆ ಆ ನಾಚಿಕೆ ಇರಲಿಲ್ಲ, ತಾತನಿಗೆ ಇತ್ತು. ಕಿಂಡಿಯನ್ನು ಹಿಂದಕ್ಕೆ ತಳ್ಳಿದ್ದು ಆತ್ಮಸಾಕ್ಷಿಯ ಮೊದಲ ಕದಲಿಕೆ ಇರಬಹುದಲ್ಲ? ತಾತನನ್ನು ಪ್ರೀತಿಸುವವಳಾಗಿ ನನಗೆ ಈ ವಾದ ತುಂಬ ಹಿತವಾಗಿತ್ತು. ಹಿತವಾಗಿದ್ದರಿಂದಲೇ ಅನುಮಾನ ಬಂತು. ಕೆಂಪು ಪೆನ್ಸಿಲಿನ ಗೆರೆಯಲ್ಲಿ ನಾಚಿಕೆಯೇನೂ ಕಾಣುವುದಿಲ್ಲ. ಅಲ್ಲಿರುವುದು ಒಂದು ಲೆಕ್ಕ. ಗಲ್ಲಿಯಲ್ಲಿ ಬರುವ ದುಡಿಮೆ ಅಗ್ಗ. ಹಾಗಾಗಿ ಟ್ಯಾಂಕಿನ ದುಡ್ಡು ನೆಲಕ್ಕೆ.

ಲೂಸ್‌ನ ಬಳಿಗೆ ಮತ್ತೆ ಹೋದೆ. ಅವನು 1898ರಲ್ಲಿ ಕೊಳಾಯಿ ಕೆಲಸದವರ ಮೇಲೊಂದು ಬರಹ ಬರೆದಿದ್ದಾನೆ. ಕೊಳಾಯಿಯವನಿಲ್ಲದೆ ಅವನ ಶತಮಾನದ ನಾಗರಿಕತೆಯೇ ಇಲ್ಲ ಎಂಬುದು ಅದರ ಸಾರ. ಅಲಂಕಾರವನ್ನು ಬೈದವನೂ ಕೊಳವೆಯನ್ನು ಹೊಗಳಿದವನೂ ಒಬ್ಬನೇ. ಅವನ ಆಧುನಿಕತೆಯಲ್ಲಿ ಇವೆರಡೂ ಜೊತೆಗಿದ್ದವು. ನಮ್ಮ ಊರುಗಳಿಗೆ ಬಂದಾಗ ಜೊತೆ ತಪ್ಪಿತು. ಚಪ್ಪಟೆ ತಾರಸಿಗೆ, ಮೂಲೆ ಕಿಟಕಿಗೆ ಸಿಮೆಂಟಿನ ಮೂಟೆ ಮತ್ತು ಒಬ್ಬ ಜಾಣ ಮೇಸ್ತ್ರಿ ಸಾಕು, ಒಬ್ಬ ಮನುಷ್ಯ ತನ್ನ ದುಡ್ಡಿನಲ್ಲಿ ತರಬಹುದು. ಒಳಚರಂಡಿಯನ್ನು ಒಬ್ಬ ತರಲಾರ, ಊರು ತರಬೇಕು. ಹಾಗಾಗಿ ಶೈಲಿ ಮೊದಲು ಬಂತು, ಕೊಳವೆ ಎಷ್ಟೋ ವರ್ಷ ತಡವಾಗಿ. ನಡುವಿನ ವರ್ಷಗಳನ್ನು ಕೆಲವರು ತಲೆಯ ಮೇಲೆ ಹೊತ್ತರು. ಊರು ತರದಿದ್ದರೂ ಸೆಪ್ಟಿಕ್ ಟ್ಯಾಂಕಿಗೆ ಊರು ಬೇಕಿರಲಿಲ್ಲ, 585 ರೂಪಾಯಿ ಬೇಕಿತ್ತು ಎಂಬುದು ತಾತನ ಪುಸ್ತಕದಲ್ಲೇ ಇದೆ.

ದೊಡ್ಡವರ ಮನೆಗಳನ್ನೂ ಬೆನ್ನಿನಿಂದ ನೋಡುವ ಚಾಳಿ ಶುರುವಾಯಿತು. ಲೆ ಕಾರ್ಬ್ಯುಸಿಯೆಯ ವಿಲ್ಲಾ ಸವೊಯ್, 1931ರಲ್ಲಿ ಮುಗಿದದ್ದು, ತೆಳು ಕಂಬಗಳ ಮೇಲೆ ತೇಲುವ ಬಿಳಿ ಪೆಟ್ಟಿಗೆ. ಎಲ್ಲ ಪಠ್ಯಪುಸ್ತಕಗಳಲ್ಲೂ ಅದರ ಚಿತ್ರವಿದೆ. ತೇಲಿದಂತೆ ಕಾಣುವುದಕ್ಕೆ ಒಂದು ಕಾರಣ, ಕೆಳಗಿನ ಅಂತಸ್ತಿನ ಗೋಡೆಯನ್ನು ಒಳಕ್ಕೆ ಸರಿಸಿ ಹಸಿರು ಬಣ್ಣ ಬಳಿದಿರುವುದು. ಸುತ್ತಲ ಹುಲ್ಲಿನಲ್ಲಿ ಅದು ಕರಗಿಹೋಗುತ್ತದೆ. ಆ ಹಸಿರು ಗೋಡೆಯ ಹಿಂದೆ ಡ್ರೈವರನ, ಕೆಲಸದವರ ಕೋಣೆಗಳಿವೆ. ಚಂಡೀಗಢದಲ್ಲಿ ಸರ್ಕಾರಿ ನೌಕರರ ಮನೆಗಳನ್ನು ಸಂಬಳದ ದರ್ಜೆಗೆ ತಕ್ಕಂತೆ ಹದಿಮೂರು ಬಗೆಯಾಗಿ ವಿಂಗಡಿಸಿದ್ದರು. ಆದರೆ ಅಲ್ಲಿ ಕಡೆಯ ದರ್ಜೆಯವನಿಗೂ ಅಡುಗೆಮನೆ, ಬಚ್ಚಲು, ಕಕ್ಕಸು ಕೊಟ್ಟರು. ಆ ನಗರವನ್ನು ಬೈಯುವವರು ಇದನ್ನು ಮರೆಯುತ್ತಾರೆ.

ವಾಸ್ತುಶಿಲ್ಪದ ಪ್ರಾಮಾಣಿಕತೆ ಎಂಬ ಮಾತು ಯಾವಾಗಲೂ ವಸ್ತುವಿನ ಬಗ್ಗೆ ಇತ್ತು. ಇಟ್ಟಿಗೆ ಇಟ್ಟಿಗೆಯಾಗಿ ಕಾಣಲಿ, ತೊಲೆ ತೊಲೆಯಾಗಿ ಕಾಣಲಿ. ದುಡಿಮೆ ದುಡಿಮೆಯಾಗಿ ಕಾಣಲಿ ಎಂದು ಲೂಸ್ ಅರ್ಧ ಹೇಳಿದ, ಕಟ್ಟುವ ದುಡಿಮೆಯನ್ನಷ್ಟೇ ಎಣಿಸಿ. ಶೈಲಿಯ ಪುಸ್ತಕಗಳಲ್ಲಿ ಕಟ್ಟಡದ ಫೋಟೋ ತೆಗೆಯುವುದು ಅದು ಮುಗಿದ ದಿನ, ಇನ್ನೂ ಯಾರೂ ವಾಸಕ್ಕೆ ಬಂದಿರದಾಗ. ನಮ್ಮ ಮನೆ ಕಟ್ಟಲು ಹಿಡಿದದ್ದು ಒಂದೂವರೆ ವರ್ಷ. ಅದು ಶುಚಿಯಾಗಿ ನಿಂತದ್ದು ಅರವತ್ತಕ್ಕೂ ಹೆಚ್ಚು ವರ್ಷ. ಆ ವರ್ಷಗಳ ಕೆಲಸಕ್ಕೆ ನನ್ನ ಅಧ್ಯಾಯದಲ್ಲಿ ಒಂದು ಗೆರೆಯೂ ಇರಲಿಲ್ಲ.

ಕಿಂಡಿ ಮುಚ್ಚಿದ್ದು 1970ರ ದಶಕದಲ್ಲಿ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಆ ದಶಕದ ಮೊದಲ ವರ್ಷಗಳಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇಡೀ ದೇಶಕ್ಕೆ ಕಾನೂನು ಬರಲು 1993ರವರೆಗೆ ಕಾಯಬೇಕಾಯಿತು, ಅದು ಸಾಲದೆ 2013ರಲ್ಲಿ ಇನ್ನೊಂದು. ನಮ್ಮ ತಾತ ಕಡೆಗೂ ಟ್ಯಾಂಕು ಕಟ್ಟಿಸಿದರು. ಲೆಕ್ಕದ ಪುಸ್ತಕದಲ್ಲಿ ಅದರ ಖರ್ಚೂ ಇದೆ, ಮೊದಲ ಅಂದಾಜಿನ ಮೂರರಷ್ಟಕ್ಕಿಂತ ಹೆಚ್ಚು. ಪಕ್ಕದಲ್ಲಿ ಟಿಪ್ಪಣಿ ಏನೂ ಇಲ್ಲ. ಮೊಸಾಯಿಕ್ ನೆಲದ ಮೇಲೆ ನಾನು ಅಂಬೆಗಾಲಿಟ್ಟವಳು. ಅದರ ತಂಪು ಈಗಲೂ ಅಂಗಾಲಿಗೆ ಗೊತ್ತು. ಆ ನೆಲ ಸುಂದರವಾಗಿಲ್ಲ ಎಂದು ಹೇಳಲು ನನ್ನಿಂದ ಆಗುವುದಿಲ್ಲ, ಹೇಳಿದರೆ ಸುಳ್ಳಾಗುತ್ತದೆ.

ಅಧ್ಯಾಯವನ್ನು ತಿದ್ದಿ ಒಬ್ಬ ಹಿರಿಯರಿಗೆ ತೋರಿಸಿದೆ. ಶೈಲಿಯ ಲಕ್ಷಣಗಳು ಎಂಬ ಭಾಗದಲ್ಲಿ ಚಪ್ಪಟೆ ತಾರಸಿ, ಸಜ್ಜಾ, ಮೂಲೆ ಕಿಟಕಿ, ಜಾಲಂಧ್ರಗಳ ಜೊತೆಗೆ ಹಿಂಗೋಡೆಯ ಕಿಂಡಿಯನ್ನೂ ಸೇರಿಸಿದ್ದೆ. ‘ಇದು ಸಮಾಜಶಾಸ್ತ್ರ ಕಣಮ್ಮ, ಇದು ಶೈಲಿಯ ಲಕ್ಷಣ ಅಲ್ಲ’ ಎಂದರು. ಅವರು ಒಳ್ಳೆಯವರು, ನನ್ನ ಪ್ರಬಂಧ ತೊಂದರೆಯಿಲ್ಲದೆ ಪಾಸಾಗಲಿ ಎಂಬ ಕಾಳಜಿಯಿಂದಲೇ ಹೇಳಿದ್ದು. ನಾನು ಮೊದಲೇ ಅಳೆದು ಮುಗಿಸಿದ್ದ ಬೇರೆ ಮನೆಗಳಿಗೆ ತಿರುಗಿ ಹೋದೆ, ಈ ಸಲ ಹಿಂದಿನಿಂದ. ಕೆಲವು ಕಡೆ ಗಲ್ಲಿಯನ್ನೇ ಮನೆಗಳು ನುಂಗಿಬಿಟ್ಟಿವೆ. ಉಳಿದ ಕಡೆ ಹಲವು ಮನೆಗಳ ಬುಡದಲ್ಲಿ ಇಟ್ಟಿಗೆಯ ಬಣ್ಣ ಬೇರೆಯಾದ ಒಂದು ಚೌಕ, ಅಥವಾ ತುಕ್ಕು ಹಿಡಿದ ಒಂದು ಕೀಲು. ಮೂಲೆ ಕಿಟಕಿಯನ್ನು ಲಕ್ಷಣವೆನ್ನುವುದು ಅದು ಮತ್ತೆ ಮತ್ತೆ ಕಾಣುತ್ತದೆ, ಒಂದು ಕಾಲದ ಯೋಚನೆಯನ್ನು ತೋರಿಸುತ್ತದೆ ಎಂಬ ಕಾರಣಕ್ಕಲ್ಲವೇ? ಆ ಅಳತೆಗೋಲಿನಲ್ಲಿ ಕಿಂಡಿ ಹೇಗೆ ಹೊರಗಾಗುತ್ತದೆ ಎಂದು ಕೇಳಿ ಅವರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಮೊದಲು ಹೇಳಿದ ಆ ವಾಕ್ಯವನ್ನು ಹೊಡೆದುಹಾಕಲಿಲ್ಲ. ಅದರ ಮುಂದೆ ಮೂರು ಪದ ಸೇರಿಸಿದೆ: ‘ಬೀದಿಯ ಕಡೆಯಿಂದ ನೋಡಿದರೆ ಈ ಮನೆಗೆ ಮುಚ್ಚಿಡುವಂಥದ್ದು ಏನೂ ಇಲ್ಲ.’

ಮಾರಾಟದ ಮಾತು ಮುಗಿಯುತ್ತ ಬಂದಿದೆ. ಮನೆಯನ್ನು ಉಳಿಸಿಕೊಳ್ಳಿ ಎಂದು ಅಪ್ಪನ ಹತ್ತಿರ ಜಗಳ ಆಡುವ ಯೋಚನೆ ಒಂದು ಕಾಲಕ್ಕೆ ಇತ್ತು. ಈಗ ನನಗೆ ಬೇಕಾಗಿರುವುದು ನಾಲ್ಕೂ ಕಡೆಯ ನಕ್ಷೆ. ಮೂರು ಕಡೆಯದು ಆಗಿತ್ತು. ಹಿಂಗೋಡೆಗೆ ಮಾತ್ರ ಆಮೇಲೆ ಎರಡು ಸಲ ಗಾರೆ ಬಳಿದಿದ್ದರಿಂದ ಕಿಂಡಿ ಎಲ್ಲಿತ್ತೆಂಬುದೇ ಕಾಣುತ್ತಿರಲಿಲ್ಲ. ನುಗ್ಗೆ ಮರವೂ ಇಲ್ಲ. ಆ ಅಜ್ಜಿಯನ್ನು ಕೇಳಿಕೊಂಡೆ. ‘ಈಗ್ಯಾಕವ್ವ’ ಎಂದರು. ಮೂರು ವಾರ ಬಿಟ್ಟು, ಆಸ್ಪತ್ರೆಗೆ ಬಂದವರು, ಆಟೋದಲ್ಲಿ ನಮ್ಮ ಬೀದಿಗೂ ಬಂದರು.

ಮನೆಯ ಮುಂದೆ ಇಳಿದು ಸ್ವಲ್ಪ ಹೊತ್ತು ನಿಂತು ನೋಡಿದರು. ಅಪ್ಪ ವೆರಾಂಡಕ್ಕೆ ಕುರ್ಚಿ ತಂದಿಟ್ಟು, ‘ಬನ್ನಿ, ಮೇಲೆ ಬನ್ನಿ’ ಎಂದರು. ಅಮ್ಮ ಕಾಫಿ ತಂದರು. ಯಾವ ಲೋಟದಲ್ಲಿ ತಂದರು ಎಂದು ನಾನು ನೋಡಿದೆ. ನಾನು ನೋಡಿದ್ದನ್ನು ಅಮ್ಮ ನೋಡಿದರು. ನಾವು ದಿನಾ ಕುಡಿಯುವ ಲೋಟವೇ. ಅಜ್ಜಿ ಕಾಫಿ ಕುಡಿದು, ಗ್ರಿಲ್ಲಿನ ಸೂರ್ಯನನ್ನು ಒಮ್ಮೆ ಮುಟ್ಟಿ, ‘ಮೆಟ್ಲು ಎತ್ರ ಆಯ್ತು’ ಎಂದು ಇಳಿದರು. ‘ಗಲ್ಲಿ ಯಾವ ಕಡ ಬತ್ತದವ್ವ?’ ಎಂದು ಕೇಳಿದರು. ಮುಂದಿನಿಂದ ಅವರಿಗೆ ದಿಕ್ಕು ತಿಳಿಯಲಿಲ್ಲ.

ಗಲ್ಲಿಗೆ ಬಂದ ಮೇಲೆ ನಾನು ತೋರಿಸುವುದೇನೂ ಉಳಿಯಲಿಲ್ಲ. ಮೂಲೆಯಿಂದ ಎಣಿಸುತ್ತ ಬಂದರು, ಗೋಡೆಗೆ ಕೈ ಸವರುತ್ತ. ಒಂದು ಕಡೆ ನಿಂತು ಬಾಗಿದರು. ‘ಇಲ್ಲಿ.’ ನಾನು ಟೇಪು ಬಿಚ್ಚುವಷ್ಟರಲ್ಲಿ ಎರಡೂ ಕೈಗಳನ್ನು ಗೋಡೆಗಿಟ್ಟು ಅಗಲ ತೋರಿಸಿದರು, ಆಮೇಲೆ ಎತ್ತರ. ಒಂದೂಕಾಲಡಿ, ಒಂದಡಿ. ಮಾರನೇ ದಿನ ಅಪ್ಪನ ಒಪ್ಪಿಗೆ ಪಡೆದು ಅಲ್ಲಿಯ ಗಾರೆಯನ್ನು ಕೆತ್ತಿಸಿದೆ. ಕಿಂಡಿಯ ಹಳೆಯ ಚೌಕಟ್ಟು ಅಲ್ಲೇ ಇತ್ತು, ಅವರು ತೋರಿಸಿದ ಅಳತೆಗಿಂತ ಅರ್ಧ ಅಂಗುಲ ಕಡಿಮೆ. ನಕ್ಷೆಯಲ್ಲಿ ಎರಡೂ ಅಳತೆಗಳನ್ನು ಬರೆದಿದ್ದೇನೆ.